ಶುಕ್ರವಾರದ ಕತ್ತರಿ

ಶುಕ್ರವಾರ, ಅದೂ ದೀಪ ಹಚ್ಚಿದ ಮೇಲೆ, ತುಳಸಿ ಗಿಡಕ್ಕೆ ಕತ್ತರಿ ಹಾಕಿದವಳು ನಾನೇ. ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ಸುದ್ದಿ ಒಬ್ಬೊಬ್ಬರ ತಟ್ಟೆಯಲ್ಲಿ ಒಂದೊಂದು ರುಚಿಯಾಗಿ ಓಡಾಡಿದೆಯಂತೆ. ಒಬ್ಬರ ಪ್ರಕಾರ ನಾನು ಗಿಡವನ್ನು ಬುಡಸಮೇತ ಕಿತ್ತೆ, ಇನ್ನೊಬ್ಬರ ಪ್ರಕಾರ ಗಂಡನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡೆ. ಥೂ! ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ.

ನನ್ನ ಹೆಸರು ಕೌಸಲ್ಯಾ. ಹುಟ್ಟಿ ಬೆಳೆದದ್ದು ಮೈಸೂರು. ಮನೆ ಅಮೆರಿಕದ ಸೀಕಾಕಸ್‌ನಲ್ಲಿ, ಕೆಲಸ ಜೆರ್ಸಿ ಸಿಟಿಯ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ. ಹಳೇ ಕೋಬಾಲ್ ಪ್ರೋಗ್ರಾಂಗಳನ್ನು ಎರಡು ಸಾವಿರದ ಇಸವಿಗೆ ಅಣಿಮಾಡುವ ಕೆಲಸ ಅದು, ಇಸವಿ ತಿರುಗಿದ ಕ್ಷಣ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಹೆದರಿದ್ದ ಆ ಕಾಲದಲ್ಲಿ ನಮ್ಮಂಥವರನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದರು. ಆದರೆ ಇಲ್ಲಿಯ ಕನ್ನಡದವರ ಬಾಯಲ್ಲಿ ನಾನು ‘ಕಡ್ಡಿ ಕೌಸಲ್ಯಾ’. ಯಾವ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಆ ಬಿರುದು. ಫೋರ್ಟ್ ಲೀಯಿಂದ ಎಡಿಸನ್‌ವರೆಗೆ ಯಾರ ಮನೆಯ ಕಿಟಕಿಯಲ್ಲಾದರೂ ದೊಡ್ಡಪತ್ರೆ ಕಂಡರೆ ಅದರ ಅಜ್ಜಿ ನಮ್ಮ ಮನೆಯಲ್ಲಿದೆ ಎಂದು ತಿಳಿಯಿರಿ. “ನಿಮ್ಮ ಕೈಗುಣ ಆಂಟಿ” ಎನ್ನುತ್ತಾರೆ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಬಿಟ್ಟು ನೋಡಬೇಕು, ಕೈ ಸುಮ್ಮನಿರಬೇಕು, ಅಷ್ಟೇ.

ಇಲ್ಲಿಯ ಚಳಿ ಚಳಿಯೇ ಅಲ್ಲ ಎಂದು ನಾನು ಹೇಳಿದರೆ ಜನ ನಗುತ್ತಾರೆ. ಉತ್ತರದ ಹಿಮದೂರು ಬಫಲೋದವರನ್ನು ಕೇಳಿ ನೋಡಿ, ಗೊತ್ತಾಗುತ್ತದೆ. ನಮಗೆ ಸಮುದ್ರ ಹತ್ತಿರ, ಸುತ್ತ ಜೌಗುನೀರು. ಎಷ್ಟೋ ವರ್ಷ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ತನಕ ಒಂದು ಸ್ವೆಟರಿನಲ್ಲೇ ಓಡಾಡಬಹುದು. ಈ ಸಾಧು ಚಳಿಯೇ ಮೋಸಗಾರ ಚಳಿ. ಜನ ಬೇಸಿಗೆಯ ಗಿಡವನ್ನು ಇನ್ನೂ ನಾಲ್ಕು ದಿನ ಹೊರಗೇ ಇರಲಿ ಎಂದು ಬಿಡುತ್ತಾರೆ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಎಲೆಯೆಲ್ಲ ಬೇಯಿಸಿದ ಸೊಪ್ಪಾಗಿರುತ್ತದೆ. ಒಳಗೆ ತಂದವರದ್ದು ಇನ್ನೊಂದು ಕಥೆ. ಬೇಸಿಗೆಯಲ್ಲಿ ಹಾಕಿದ ಹಾಗೇ ದಿನಾ ನೀರು ಸುರಿಯುತ್ತಾರೆ. ಬೆಳಕಿಲ್ಲದ ತಿಂಗಳುಗಳಲ್ಲಿ ಗಿಡ ನಿದ್ದೆಯಲ್ಲಿರುತ್ತದೆ, ನಿದ್ದೆಯಲ್ಲಿರುವವರ ಬಾಯಿಗೆ ಯಾರಾದರೂ ಚೊಂಬು ಹಿಡಿಯುತ್ತಾರೆಯೇ? ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಾನೂನು. ಗಿಡಗಳು ಒಳಗೆ ಬಂದಮೇಲೆ ಮಾರ್ಚ್ ತನಕ ಅವಕ್ಕೆ ನೀರು ಹಾಕುವ ಕೈ ಒಂದೇ, ಅದು ನನ್ನದು.

ಈ ಕಾನೂನು ಗೊತ್ತಿದ್ದೇ ಸೌಜನ್ಯಾ ತನ್ನ ಗಿಡವನ್ನು ನನ್ನ ಬಳಿ ತಂದದ್ದು.

ಸೌಜನ್ಯಾ ಧಾರವಾಡದ ಹುಡುಗಿ. ಗಂಡ ವೀರೇಂದ್ರ ಕನ್ಸಲ್ಟೆಂಟ್, ಒಂದೂವರೆ ವರ್ಷದ ಮಗು ಸಿರಿ. ಫೋರ್ಟ್ ಲೀಯ ಎತ್ತರದ ಕಟ್ಟಡವೊಂದರಲ್ಲಿ ಇದ್ದರು. ಸಿರಿ ಹುಟ್ಟಿದಾಗ ಬಾಣಂತನಕ್ಕೆಂದು ಸೌಜನ್ಯಾಳ ತಾಯಿ ಅನಸೂಯಾಬಾಯಿ ಬಂದಿದ್ದರು. ತುಳಸಿ ಇಲ್ಲದ ಮನೆ ಎಂಥ ಮನೆ ಎಂದು ಆ ತಾಯಿ ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಟು ತಮ್ಮ ಮನೆಯ ಬೃಂದಾವನದ ಬೀಜ ಬಿತ್ತಿದರು. ಮಗುವಿಗೆ ಎಣ್ಣೆ ಹಚ್ಚುವ ಕೈಯಲ್ಲೇ ಸಸಿಗೆ ಮಣ್ಣು ಏರಿಸಿದರು. ಆರು ತಿಂಗಳು ಇದ್ದು ಊರಿಗೆ ಹೋದವರು ಮರುವರ್ಷದ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರು. ಸೌಜನ್ಯಾ ಹೋಗಲಾಗಲಿಲ್ಲ. ವೀಸಾ ಎಕ್ಸ್‌ಟೆನ್ಷನ್ ಪೆಂಡಿಂಗ್ ಇತ್ತು, ಹೋದರೆ ವಾಪಸ್ ಬರುವುದು ಕಷ್ಟ ಎಂದು ಲಾಯರ್ ಹೇಳಿದ. ಹುಡುಗಿ ತಾಯಿಯ ಮುಖ ನೋಡಲಿಲ್ಲ, ಹದಿಮೂರು ದಿನ ಆ ತುಳಸಿಯ ಮುಂದೆ ಕೂತು ಅತ್ತಳು. ನಾನು ಹೋಗಿ ಪಕ್ಕದಲ್ಲಿ ಕೂತಿದ್ದೆ.

ಅಕ್ಟೋಬರ್‌ನಲ್ಲಿ ವೀರೇಂದ್ರನಿಗೆ ಆರು ತಿಂಗಳ ಪ್ರಾಜೆಕ್ಟ್ ಡಲ್ಲಾಸ್‌ನಲ್ಲಿ ಬಂತು. ಅಪಾರ್ಟ್‌ಮೆಂಟ್ ಖಾಲಿ ಮಾಡಿ, ಮಗು ಕಟ್ಟಿಕೊಂಡು, ಎರಡು ಸೂಟ್‌ಕೇಸ್ ಹಿಡಿದು ವಿಮಾನ ಹತ್ತುವವರು ಮೂರಡಿ ಗಿಡ ಎಲ್ಲಿ ಹೊರುತ್ತಾರೆ? ಕುಂಡವನ್ನು ಮಗುವಿನ ಕಾರ್ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ನಮ್ಮ ಮನೆಗೆ ತಂದರು.

ನಾನು ಗಿಡ ನೋಡಿದವಳೇ, “ಚೆನ್ನಾಗಿದೆ ಕಣಮ್ಮ. ಆದ್ರೆ ಒಂದೇ ಗಿಡ ನಂಬಿಕೊಂಡು ವಿಂಟರ್ ದಾಟಿಸಬಾರದು. ಈಗ್ಲೇ ನಾಲ್ಕು ತುದಿ ಕತ್ತರಿಸಿ ಬೇರು ಬರಿಸಿ ಇಟ್ಕೊಳ್ತೀನಿ. ಒಂದು ಹೋದ್ರೂ ಇನ್ನೊಂದಿರುತ್ತೆ” ಎಂದೆ.

ಸೌಜನ್ಯಾ ಕುಂಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. “ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ, ಇದಕ್ಕ ಕತ್ತರಿ ಹಾಕಬ್ಯಾಡ್ರಿ. ನಮ್ಮವ್ವ ಕೈಯಾರೆ ಹಚ್ಚಿದ್ದರೀ ಇದು. ಅಕೀನ್ನ ತುಂಡು ಮಾಡಿದ್ಹಂಗ ಆಗ್ತದ.”

“ಅಯ್ಯೋ, ತುಂಡು ಯಾಕಾಗುತ್ತೆ—”

“ಬ್ಯಾಡ್ರಿ. ಮಾತು ಕೊಡ್ರಿ.”

ಕೊಟ್ಟೆ. ತಾಯಿ ಸತ್ತು ನಾಲ್ಕು ತಿಂಗಳಾದ ಹುಡುಗಿಯ ಹತ್ತಿರ ಗಿಡಶಾಸ್ತ್ರ ವಾದಿಸುವಷ್ಟು ಕಲ್ಲು ನಾನಲ್ಲ. “ಬೀಗ ಹಾಕಿ ಇಟ್ಟ ಹಾಗೆ ಇರುತ್ತೆ, ಹೋಗಿ ಬಾ. ಏಪ್ರಿಲ್‌ನಲ್ಲಿ ಇದೇ ಗಿಡ ವಾಪಸ್ ಕೊಡ್ತೀನಿ” ಎಂದೆ. ಜಂಬ ಅಲ್ಲ, ಆ ಕೆಲಸ ನನಗೆ ಬರುತ್ತಿತ್ತು.

ಇಟ್ಟದ್ದೂ ಹಾಗೇ. ಕೆಳಗಿನ ಫ್ಯಾಮಿಲಿ ರೂಮಿನ ದಕ್ಷಿಣದ ಕಿಟಕಿ, ಮೇಲೆ ಟ್ಯೂಬ್‌ಲೈಟು, ಪಕ್ಕದಲ್ಲಿ ನನ್ನ ಕರಿಬೇವು, ಮಲ್ಲಿಗೆ, ಕನಕಾಂಬರ. ಆ ರೂಮು ತಣ್ಣಗಿರುತ್ತದೆ, ಮಣ್ಣು ಬೇಗ ಆರುವುದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು, ಸಾಕೋ ಸಾಕು. ಸೌಜನ್ಯಾ ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದಳು. ನಮ್ಮ ಆರೋಗ್ಯ ಕೇಳುವ ಮೊದಲೇ “ಹೆಂಗದಾಳ್ರಿ?” ಎನ್ನುವಳು. ಗಿಡ ಹೆಂಗದ ಅಲ್ಲ, ಹೆಂಗದಾಳ. “ಚೆನ್ನಾಗಿದಾಳೆ ಕಣೇ” ಎಂದು ನಾನೂ ಹಾಗೇ ಹೇಳುತ್ತಿದ್ದೆ.

ಡಿಸೆಂಬರ್ ಬಂದಾಗ ಬ್ಯಾಂಕಿನಲ್ಲಿ ನಮಗೆ ಮನೆ ಎಂಬುದು ಮರೆತೇ ಹೋಯಿತು. ಕತ್ತಲಲ್ಲಿ ಹೋಗು, ಕತ್ತಲಲ್ಲಿ ಬಾ. ಆಗೊಮ್ಮೆ ಈಗೊಮ್ಮೆ ಲೈಟ್ ಕೂಡ ಹಾಕದೆ ಕುಂಡದ ಮಣ್ಣು ಮುಟ್ಟಿ ನೋಡುತ್ತಿದ್ದೆ, ಹಸಿಯಾಗಿಯೇ ಇರುತ್ತಿತ್ತು. ಸರಿ, ನೀರು ಬೇಡ ಎಂದು ಮೇಲೆ ಹೋಗುತ್ತಿದ್ದೆ. ಬಿಸಿಲಿಲ್ಲವಲ್ಲ, ಆರಿಲ್ಲ ಎಂದುಕೊಂಡೆ. ಗಿಡ ಒಂದಿಷ್ಟು ಮಂಕಾಗಿತ್ತು, ಚಳಿಗಾಲದಲ್ಲಿ ಯಾವುದು ಮಂಕಾಗುವುದಿಲ್ಲ?

ಈಗ ನನ್ನ ಯಜಮಾನರ ವಿಷಯ. ಬದರೀನಾಥ್ ಸಿವಿಲ್ ಎಂಜಿನಿಯರ್, ಸೇತುವೆಗಳ ಲೆಕ್ಕ ಹಾಕುವವರು. ಮನುಷ್ಯ ಹಸು, ಒಂದು ಜೋರು ಮಾತಿಲ್ಲ. ಆದರೆ ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ಸ್ನಾನ, ಸಂಧ್ಯಾವಂದನೆ, ಸಾಲಿಗ್ರಾಮಕ್ಕೆ ಅಭಿಷೇಕ ಆಗದೆ ಕಾಫಿ ಕೂಡ ಮುಟ್ಟುವುದಿಲ್ಲ. ಪಂಚಾಂಗದಲ್ಲಿ ಇವರು ತಲೆ ಇಟ್ಟರೆ ಊಟದ ಹೊತ್ತಿಗೇ ಎತ್ತಬೇಕು. ನಮ್ಮ ಮನೆಯಲ್ಲಿ ಅಲ್ಲಿಯ ತನಕ ತುಳಸಿ ಇರಲಿಲ್ಲ. ಬಂದಿತಲ್ಲ, ಈಗ ಅವರಿಗೆ ಹಬ್ಬ. ಸಂಜೆ ಸಂಜೆ ಅದರ ಮುಂದೆ ಒಂದು ದೀಪ ಹಚ್ಚಿಡುತ್ತಿದ್ದರು. ದೀಪ ತಾನೇ, ಹಚ್ಚಲಿ ಎಂದು ನಾನು ಸುಮ್ಮನಿದ್ದೆ.

ಡಿಸೆಂಬರ್ ಮೂವತ್ತೊಂದು ಶುಕ್ರವಾರ ಬಿದ್ದಿತ್ತು. ಆ ರಾತ್ರಿಯಿಂದ ಭಾನುವಾರ ಸಂಜೆಯವರೆಗೆ ನಾವೆಲ್ಲ ಆಫೀಸಿನಲ್ಲೇ ಇರಬೇಕು, ಮಲಗಲು ಮಡಿಸುವ ಮಂಚ ತರಿಸಿದ್ದರು. ಹೊರಡುವ ಮುನ್ನ ಗಿಡಗಳಿಗೆ ಒಂದು ಮಾತು ಹೇಳಿ ಹೋಗೋಣ ಎಂದು ಕೆಳಗೆ ಇಳಿದೆ. ನಾಲ್ಕೂವರೆಗೇ ಕತ್ತಲಾಗುವ ಕಾಲ. ದೀಪ ಆಗಲೇ ಉರಿಯುತ್ತಿತ್ತು.

ದೀಪದ ಬೆಳಕಿನಲ್ಲಿ ಸೌಜನ್ಯಾಳ ತುಳಸಿ ತಲೆ ಬಾಗಿಸಿ ನಿಂತಿತ್ತು. ಹೋಗಿ ಬುಡ ಮುಟ್ಟಿದೆ. ಮೆತ್ತಗೆ! ಕಾಂಡದ ತೊಗಟೆ ಬೆರಳಿಗೆ ಜಾರಿ ಬಂತು, ಒಳಗೆಲ್ಲ ಕಪ್ಪು. ಮಣ್ಣಿನಿಂದ ಹುಳಿ ವಾಸನೆ, ಸಣ್ಣ ಸಣ್ಣ ನೊಣ. ಟ್ಯೂಬ್‌ಲೈಟ್ ಹಾಕಿ ಬಗ್ಗಿ ನೋಡಿದೆ. ಮಣ್ಣಿನ ಮೇಲೆ ಗಂಧದ ಪುಡಿ ಒಣಗಿತ್ತು, ಸೇವಂತಿಗೆಯ ಎಸಳು ಕೊಳೆತಿತ್ತು, ಅರಿಸಿನ ಹಚ್ಚಿದ ಅಕ್ಷತೆ ಕಾಳುಗಳು ಉಬ್ಬಿಕೊಂಡು ಬಿದ್ದಿದ್ದವು.

“ರೀ!”

ನಮ್ಮ ಮನೆಯ ಸ್ಮೋಕ್ ಅಲಾರ್ಮ್ ಕೂಡ ಅಷ್ಟು ಜೋರಾಗಿ ಕೂಗುವುದಿಲ್ಲ. ಯಜಮಾನರು ಓಡಿ ಬಂದರು. ಹಿಂದೆ ನಮ್ಮ ಮಗಳು ಗಾರ್ಗಿ, ಹೈಸ್ಕೂಲಿನವಳು, ಕಿವಿಯಲ್ಲಿ ಹಾಡಿನ ವೈರು.

“ನೀರು ಹಾಕಿದ್ರಾ ಇದಕ್ಕೆ?”

“ನೀರು ಅಂತ ಏನಿಲ್ಲ ಕೌಸಲ್ಯ. ಅಭಿಷೇಕದ್ದು… ಪೂಜೆ ಆದ್ಮೇಲೆ ಅದನ್ನ ಸಿಂಕಿಗೆ ಚೆಲ್ಲಕ್ಕಾಗುತ್ತಾ? ತುಳಸಿ ಬುಡಕ್ಕೆ ತಾನೇ ಹಾಕೋದು. ನಮ್ಮಮ್ಮನೂ ಹಾಗೇ ಮಾಡ್ತಿದ್ರು.”

“ದಿನಾ?”

“ದಿನಾ ಪೂಜೆ ಮಾಡ್ತೀನಲ್ಲ.”

“ಒಂದು ಉದ್ಧರಣೆನಾ, ಒಂದು ಚೊಂಬಾ?”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಚೊಂಬು ಎಂದು ನನಗೆ ಅರ್ಥವಾಯಿತು.

“ಡ್ಯಾಡ್, ಯು ಬೇಸಿಕಲಿ ಡ್ರೌನ್ಡ್ ಇಟ್,” ಎಂದಳು ಗಾರ್ಗಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಮೈಸೂರಿನಲ್ಲಿ ಅಂಗಳದ ಬಿಸಿಲಲ್ಲಿ, ಕಲ್ಲಿನ ಬೃಂದಾವನದಲ್ಲಿರುವ ತುಳಸಿ ಬೇರೆ, ಸೀಕಾಕಸ್‌ನ ಪ್ಲಾಸ್ಟಿಕ್ ಕುಂಡದಲ್ಲಿ ಡಿಸೆಂಬರ್ ಕಳೆಯುತ್ತಿರುವ ತುಳಸಿ ಬೇರೆ. ಅತಿಯಾದರೆ ಅಮೃತವೂ ವಿಷ, ನಿಮ್ಮ ತೀರ್ಥವೂ ವಿಷ. ಅವರು ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, “ಆ ಹುಡುಗಿಗೆ ಏನು ಹೇಳೋದು?” ಎಂದರು. ಅವರ ಕಣ್ಣು ತುಂಬಿತ್ತು. ನನ್ನ ಕೋಪ ಅಲ್ಲಿಗೆ ನಿಂತಿತು.

ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದೆ. ಕೊಳೆ ಅರ್ಧ ಕಾಂಡ ಏರಿತ್ತು. ಮೇಲಿನ ಕೆಲವು ತುದಿಗಳು ಮಾತ್ರ ಇನ್ನೂ ಹಸಿರು. ನಾನು ಹಿಂತಿರುಗುವ ಭಾನುವಾರದ ಹೊತ್ತಿಗೆ ಅವೂ ಇರುವುದಿಲ್ಲ.

“ಗಾರ್ಗಿ, ಮೇಲೆ ಹೋಗಿ ನನ್ನ ಕತ್ತರಿ ತಗೊಂಡು ಬಾ. ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಬಾ.”

ಯಜಮಾನರು ಬೆಚ್ಚಿದರು. “ಕೌಸಲ್ಯ, ಇವತ್ತು ಶುಕ್ರವಾರ.”

“ಗೊತ್ತು.”

“ದೀಪ ಹಚ್ಚಿ ಆಗಿದೆ ಕಣೇ. ಶುಕ್ರವಾರ ತುಳಸಿ ಕೀಳಬಾರದು, ದೀಪ ಹಚ್ಚಿದ ಮೇಲಂತೂ ಮುಟ್ಟಲೇಬಾರದು. ಎರಡೂ ಸೇರಿದೆ.”

“ಹಾಗಿದ್ರೆ ನಾಳೆ ಬೆಳಿಗ್ಗೆ ನೀವೇ ಕತ್ತರಿಸಿ. ಶನಿವಾರ ದೋಷ ಇಲ್ವಲ್ಲ. ಗೆಣ್ಣಿನ ಕೆಳಗೆ, ಓರೆಯಾಗಿ, ಹೂವಿನ ಕದಿರು ಚಿವುಟಿ, ಕಪ್ಪಾಗಿರೋದು ಒಂದು ಎಳೆಯೂ ಬರದ ಹಾಗೆ. ಮಾಡ್ತೀರಾ?”

ಅವರು ತಮ್ಮ ಕೈ ನೋಡಿಕೊಂಡರು. “ನನ್ನ ಕೈಯಲ್ಲಿ ಇನ್ನೊಂದು ಸಲ ಬೇಡ” ಎಂದರು. “ಅಲ್ಲದೆ ನೀನು ಆ ಹುಡುಗಿಗೆ ಮಾತು ಕೊಟ್ಟಿದೀಯ, ಕತ್ತರಿ ಹಾಕಲ್ಲ ಅಂತ.”

ಅದು ನಾಟಿತು. ಶುಕ್ರವಾರ ನನಗೆ ಲೆಕ್ಕವಿರಲಿಲ್ಲ, ಮಾತು ಲೆಕ್ಕವಿತ್ತು. ಡಲ್ಲಾಸ್‌ಗೆ ಫೋನ್ ಮಾಡಿದೆ. ರಿಂಗಾಯಿತು, ಆನ್ಸರಿಂಗ್ ಮೆಷೀನ್. ಹೊಸ ಶತಮಾನ ಸ್ವಾಗತಿಸಲು ಎಲ್ಲೋ ಹೋಗಿದ್ದರು. ಮೆಷೀನಿಗೆ ಏನೆಂದು ಹೇಳಲಿ, ನಿಮ್ಮ ಅವ್ವ ಬಾಡುತ್ತಿದ್ದಾಳೆ ಅಂತಲೇ? ಇಟ್ಟುಬಿಟ್ಟೆ. ಕೊಟ್ಟ ಮಾತು ಉಳಿಸಿಕೊಂಡು ಗಿಡವನ್ನು ಕಸದ ಬುಟ್ಟಿಗೆ ಹಾಕುವುದೋ, ಮಾತು ಮುರಿದು ಬದುಕಿಸುವುದೋ? ನನಗೆ ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಬೈಸಿಕೊಳ್ಳುವ ಧೈರ್ಯ ಇದ್ದರೆ ಆಯಿತು, ಅದು ನನಗೆ ಧಾರಾಳವಾಗಿತ್ತು.

“ಟಾರ್ಚ್ ಹಿಡೀರಿ” ಎಂದೆ. “ಟ್ಯೂಬ್‌ಲೈಟಿಗೆ ನನ್ನ ನೆರಳೇ ಬೀಳುತ್ತೆ.”

ಹಿಡಿದರು. ಪಾಪ, ನೋಡಲಾರದೆ ಮುಖ ಗೋಡೆಗೆ ತಿರುಗಿಸಿಕೊಂಡರು, ಬೆಳಕು ಕರಿಬೇವಿನ ಮೇಲೆ ಹೋಗಿ ನಿಂತಿತು. “ಇಲ್ಲಿ ರೀ, ಇಲ್ಲಿ! ಕರಿಬೇವಿಗೇನು ಆಪರೇಷನ್ನಾ?” ಎಂದೆ. ಬೆಳಕು ವಾಪಸ್ ಬಂತು. ಅವರು ತುಳಸಿಯ ಕ್ಷಮೆ ಕೇಳುವ ಶ್ಲೋಕ ಹೇಳತೊಡಗಿದರು, ನಾನು ಕತ್ತರಿಸತೊಡಗಿದೆ. ಏಳು ತುದಿ ಸಿಕ್ಕವು. ಕೆಳಗಿನ ಎಲೆ ತೆಗೆದು, ಕದಿರು ಚಿವುಟಿ, ಬೇಸ್‌ಮೆಂಟಿನಲ್ಲಿ ವಾಟರ್ ಹೀಟರಿನ ಪಕ್ಕದ ಶೆಲ್ಫಿನ ಮೇಲೆ, ಬುಡಕ್ಕೆ ಬೆಚ್ಚಗೆ ತಾಗುವ ಹಾಗೆ, ಗಾಜಿನ ಲೋಟಗಳಲ್ಲಿ ನಿಲ್ಲಿಸಿದೆ. ಮೇಲೊಂದು ಟ್ಯೂಬ್‌ಲೈಟ್ ತೂಗುಹಾಕಿದೆ. ಕೈ ತೊಳೆದು ಆಫೀಸಿಗೆ ಡ್ರೈವ್ ಮಾಡಿದೆ. ಆ ರಾತ್ರಿ ಲೋಕ ಮುಳುಗಲಿಲ್ಲ ಎಂಬುದು ನಿಮಗೂ ಗೊತ್ತು. ಎಲ್ಲರೂ ಕಂಪ್ಯೂಟರಿನ ಪರದೆ ನೋಡುತ್ತಿದ್ದರೆ ನನ್ನ ಜೀವವೆಲ್ಲ ಆ ಲೋಟಗಳಲ್ಲಿತ್ತು.

ಭಾನುವಾರ ಸಂಜೆ ನಾನು ಮನೆ ಸೇರಿದ ಮೇಲೆ ಸೌಜನ್ಯಾಳ ಫೋನ್ ಬಂತು. “ಹ್ಯಾಪಿ ನ್ಯೂ ಇಯರ್ ಆಂಟಿ! ಹೆಂಗದಾಳ್ರಿ?”

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. “ನೀರು ಹೆಚ್ಚಾಗಿ ಬೇರು ಕೊಳೆತಿದೆ ಸೌಜನ್ಯಾ. ಗಿಡ ಉಳಿಯೋದಿಲ್ಲ. ನಾನು ಶುಕ್ರವಾರ ಸಂಜೆ ತುದಿಗಳನ್ನ ಕತ್ತರಿಸಿ ನೀರಲ್ಲಿಟ್ಟಿದೀನಿ. ನಿನ್ನ ಕೇಳೋಣ ಅಂತ ಫೋನ್ ಮಾಡ್ದೆ, ನೀವು ಸಿಗಲಿಲ್ಲ.”

ಹಿಂದೆ ಸಿರಿ ಏನೋ ತೊದಲುತ್ತಿತ್ತು.

“ನೀವು ಮಾತು ಕೊಟ್ಟಿದ್ರಿ,” ಎಂದಳು. “ಎರಡನೇ ಸಲಾನೂ ನಾ ಅಲ್ಲಿ ಇರಲಿಲ್ಲ ನೋಡ್ರಿ.” ಫೋನ್ ಇಟ್ಟಳು.

ಬೈದಿದ್ದರೆ ನಾನು ನಾಲ್ಕು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಮುಂದಿನ ಭಾನುವಾರ ಫೋನ್ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಮಾಡಿದರೆ ವೀರೇಂದ್ರ ಎತ್ತಿ, “ಅಕಿ ಮಲಗ್ಯಾಳ್ರಿ ಆಂಟಿ” ಎನ್ನುತ್ತಿದ್ದ. ಹಾಡುಹಗಲು ಎಂಥ ನಿದ್ದೆ!

ಇತ್ತ ಲೋಟದ ಕಡ್ಡಿಗಳು ಒಂದೊಂದಾಗಿ ಕೈಕೊಟ್ಟವು. ಕಾಯಿಲೆ ಬಿದ್ದ ಗಿಡದ ತುದಿ, ಮೇಲಾಗಿ ಚಳಿಗಾಲ. ಮೊದಲು ಎಲೆ ಉದುರುವುದು, ಮರುದಿನ ಬುಡ ಕಪ್ಪಾಗುವುದು. ನಾನು ನೀರು ಬದಲಾಯಿಸಿದೆ, ಲೋಟ ತೊಳೆದೆ, ಬುಡ ಮತ್ತೆ ಕತ್ತರಿಸಿದೆ, ಬೈದೆ, ಮುದ್ದು ಮಾಡಿದೆ. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಮೂರು ಉಳಿದಿದ್ದವು. ತಿಂಗಳ ಕೊನೆಗೆ ಒಂದೇ ಒಂದು. ‘ಕಡ್ಡಿ ಕೌಸಲ್ಯಾ’ ಎಂಬ ಬಿರುದು ಆ ಒಂದು ಕಡ್ಡಿಯ ಮೇಲೆ ನಿಂತಿತ್ತು. ಬಿರುದು ಹಾಳಾಗಿ ಹೋಗಲಿ, ಒಂದು ಹುಡುಗಿಯ ತಾಯಿ ಅದರ ಮೇಲೆ ನಿಂತಿದ್ದಳು.

ಒಂದು ಬೆಳಿಗ್ಗೆ ಯಜಮಾನರು ಬೇಸ್‌ಮೆಂಟಿನಿಂದ ಕೂಗಿದರು. ನನಗಿಂತ ಮೊದಲು ಅವರೇ ಎದ್ದು ಹೋಗಿ ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಗೆಣ್ಣಿನ ಹತ್ತಿರ ಬಿಳಿ ದಾರದ ತುಂಡಿನಂಥ ಬೇರು. ನಾವಿಬ್ಬರೂ ಲೋಟದ ಎರಡು ಬದಿಗೆ ತಲೆಯಿಟ್ಟು ನೋಡಿದೆವು. “ಬಂತು ಕಣೇ!” ಎಂದರು. “ಬರದೆ ಏನು? ನಾನು ನೆಟ್ಟದ್ದು” ಎಂದೆ. ಅಷ್ಟು ದಿನ ಉಸಿರು ಹಿಡಿದುಕೊಂಡಿದ್ದವಳು ನಾನೇ ಎಂದು ಅವರಿಗೆ ಗೊತ್ತಿತ್ತು, ನಕ್ಕರು.

ಬೇರು ಬಲಿತ ಮೇಲೆ ಕುಂಡಕ್ಕೆ ಹಾಕಿ ಕಿಟಕಿಗೆ ತಂದೆ. ಅವರಿಗೆ ನೀರಿನ ಅಧಿಕಾರ ಕೊಡಲಿಲ್ಲ. ಅಭಿಷೇಕದ ನೀರು ಹಿತ್ತಲಿನ ಹೈಡ್ರೇಂಜಾ ಬುಡಕ್ಕೆ ಹೋಗತೊಡಗಿತು. ಆದರೆ ಮನುಷ್ಯನಿಗೆ ಸಮಾಧಾನವಿಲ್ಲ, ತುಳಸಿಗೆ ಒಂದು ಪ್ರದಕ್ಷಿಣೆಯಾದರೂ ಬೇಡವೇ? ಕಿಟಕಿಯ ಮೂಲೆಯಲ್ಲಿಟ್ಟ ಕುಂಡಕ್ಕೆ ಸುತ್ತು ಬರುವುದು ಹೇಗೆ? ಕೊನೆಗೆ ಅವರೇ ದಾರಿ ಕಂಡುಕೊಂಡರು. ದಿನಾ ಪೂಜೆ ಮುಗಿಸಿ ಬಂದು ಕುಂಡವನ್ನೇ ಕಾಲು ಸುತ್ತು ತಿರುಗಿಸುವುದು. “ನಾನು ಸುತ್ತಿದರೇನು, ಅದು ಸುತ್ತಿದರೇನು?” ಎಂದರು. ಗಿಡಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಎಲ್ಲ ಬದಿಗೂ ಬೆಳಕು ಸಿಕ್ಕಿ ಕಾಂಡ ನೆಟ್ಟಗೆ ಏರಿತು. ಗಂಡನನ್ನು ಮೆಚ್ಚುವ ಅವಕಾಶ ಬಂದಾಗ ಬಿಡಬಾರದು, ಮೆಚ್ಚಿದೆ.

ಮಾರ್ಚ್ ಹೊತ್ತಿಗೆ ಗಿಡ ಗೇಣುದ್ದವಾಯಿತು. ತುದಿ ಕತ್ತರಿಸಿ ಇನ್ನೆರಡು ಮಾಡಿಟ್ಟುಕೊಳ್ಳಬೇಕಿತ್ತು. ಒಂದನ್ನೇ ನಂಬಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಕೈ ಕಡಿಯುತ್ತಿತ್ತು. ಆದರೆ ಮುಟ್ಟಲಿಲ್ಲ. ಒಮ್ಮೆ ಸಾಯುತ್ತಿದ್ದದ್ದಕ್ಕೆ ಮಾತು ಮುರಿದೆ, ಬದುಕಿರುವುದಕ್ಕೆ ಕೇಳದೆ ಮುರಿಯುವುದಿಲ್ಲ ಎಂದುಕೊಂಡೆ.

ಏಪ್ರಿಲ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಅವರು ಬಂದರು. ಮತ್ತೆ ಫೋರ್ಟ್ ಲೀಯಲ್ಲೇ ಮನೆ ಸಿಕ್ಕಿತ್ತು. ವೀರೇಂದ್ರ ಸಿರಿಯನ್ನು ಎತ್ತಿಕೊಂಡಿದ್ದ. ಸೌಜನ್ಯಾ ನನ್ನ ಮುಖ ನೋಡದೆ “ಅರಾಮರೀ ಆಂಟಿ?” ಎಂದಳು, ಅಷ್ಟೇ. ಕೆಳಗೆ ಕರೆದುಕೊಂಡು ಹೋದೆ. ಹಳೆಯ ಕುಂಡವನ್ನು ನಾನು ಎಸೆದಿರಲಿಲ್ಲ. ಒಣಗಿದ ಕಾಂಡದ ಸಮೇತ ಹೊಸದರ ಪಕ್ಕದಲ್ಲೇ ಇಟ್ಟಿದ್ದೆ. ಬಚ್ಚಿಡುವುದು ನನ್ನ ಜಾಯಮಾನವಲ್ಲ.

ಅವಳು ಹಸಿರನ್ನು ನೋಡಲಿಲ್ಲ. ಒಣಗಿದ್ದರ ಮುಂದೆ ಕೂತಳು, ಆ ಕಡ್ಡಿಯನ್ನು ಬೆರಳಿಂದ ಸವರಿದಳು, ಅಳತೊಡಗಿದಳು.

ಆಗ ಯಜಮಾನರು ಮುಂದೆ ಬಂದರು. ನಾನು ಹೇಳಿಕೊಟ್ಟಿರಲಿಲ್ಲ. “ನೀರು ಹಾಕಿದ್ದು ನಾನಮ್ಮ. ಕೌಸಲ್ಯ ಅಲ್ಲ. ಇವಳು ಬೇಡ ಅಂದಿದ್ದಳು. ದಿನಾ ಅಭಿಷೇಕದ ನೀರು ಹಾಕ್ದೆ. ತುಳಸಿಗೆ ನೀರು ಹಾಕಿದರೆ ಪುಣ್ಯ ಅಂತ ಗೊತ್ತಿತ್ತು, ಅದಕ್ಕೆ ಚಳಿಗಾಲ ಅಂತ ಒಂದಿದೆ ಅನ್ನೋದು ಗೊತ್ತಿರಲಿಲ್ಲ.”

ಸೌಜನ್ಯಾ ಅವರನ್ನೇ ನೋಡಿದಳು. “ಅವ್ವನೂ ಹಂಗ ಹಾಕ್ತಿದ್ಲ್ರಿ ಅಂಕಲ್. ದಿನಾ ಎರಡೂ ಹೊತ್ತು. ಕೆಳಗಿನ ಬಾಲ್ಕನಿಯವರು ನೀರು ಸೋರ್ತದ ಅಂತ ಕಂಪ್ಲೇಂಟ್ ಮಾಡಿದ್ರು.” ಅಳುವಿನ ನಡುವೆ ಒಂದು ನಗು ನುಸುಳಿತು. ಆಮೇಲೆ ಹೊಸ ಕುಂಡದ ಕಡೆ ತಿರುಗಿದಳು. “ಆದ್ರ ಇದು ಅವ್ವ ಹಚ್ಚಿದ್ದಲ್ಲಲ್ರಿ. ನೀವು ಹಚ್ಚಿದ್ದು.”

ನಾಲ್ಕು ತಿಂಗಳಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಂತು. “ಕೇಳಿಲ್ಲಿ. ಬೀಜ ಹಾಕಿ ಬಂದಿದ್ದರೆ ಅದು ಮಗಳು. ಅದರ ರೂಪ ಬೇರೆ ಆಗಬಹುದು, ಗುಣ ಬೇರೆ ಆಗಬಹುದು. ಕಡ್ಡಿ ಹಾಗಲ್ಲ. ಕಡ್ಡಿ ಮಗಳಲ್ಲ, ಆ ಹಳೇ ಗಿಡವೇ. ನಿಮ್ಮಮ್ಮ ಬಿತ್ತಿದ ಆ ಒಂದೇ ಬೀಜದ ಜೀವ ನಿಲ್ಲದೆ ನಡೀತಾನೇ ಇದೆ. ಬೇರು ಕಳೆದುಕೊಂಡಿತ್ತು, ಬೇರೆ ಬೇರು ಬಿಟ್ಟುಕೊಂಡಿದೆ, ನಾವೆಲ್ಲ ಇಲ್ಲಿಗೆ ಬಂದು ಮಾಡಿದ ಹಾಗೆ. ನಾನು ಹಚ್ಚಲಿಲ್ಲ ಸೌಜನ್ಯಾ, ನಾನು ಬರೀ ಹಿಡಿದುಕೊಂಡಿದ್ದೆ.”

ಅವಳು ಒಂದು ಎಲೆಯನ್ನು ಕೀಳದೆಯೇ ಎರಡು ಬೆರಳಲ್ಲಿ ಮೆಲ್ಲಗೆ ತಿಕ್ಕಿದಳು. ಬೆರಳು ಮೂಗಿಗೆ ಹಿಡಿದಳು. ಸಿರಿ ಅಪ್ಪನ ಕೈಯಿಂದ ಇಳಿದು ಬಂದು ಅಮ್ಮನ ಸೆರಗು ಎಳೆದಾಗ ಅದರ ಮೂಗಿಗೂ ಹಿಡಿದಳು. “ಅಜ್ಜಿ,” ಎಂದಳು ಮಗುವಿಗೆ.

ಎದ್ದು ಕಣ್ಣೊರೆಸಿಕೊಂಡ ಮೇಲೆ ಅವಳ ದನಿ ಬೇರೆಯಾಗಿತ್ತು. “ಆಂಟಿ, ಇದು ಒಂದ ಅದ ಏನ್ರಿ?”

“ಒಂದೇ. ನಿನ್ನ ಕೇಳದೆ ಎರಡು ಮಾಡಲಿಲ್ಲ.”

“ಮಾಡಬೇಕಿತ್ರಿ,” ಎಂದಳು. “ಒಂದ ಕಡೆ ಇದ್ರ ಒಂದ ಸಲಕ್ಕ ಹೋಗಿಬಿಡ್ತಾಳ. ನನ್ನ ತಂಗಿ ಇಲ್ಲೇ ಹತ್ರ ಹ್ಯಾರಿಸನ್ನಿಗೆ ಬಂದು ಎರಡು ತಿಂಗಳಾತು. ಅಕಿಗೂ ಅವ್ವ ಬೇಕಲ್ರಿ. ಇಲ್ಲೆ ನಿಮ್ಮ ಮನಿಯಾಗೂ ಒಂದು ಇರ್ಲಿ.” ಕೈ ಚಾಚಿದಳು. “ಕತ್ತರಿ ಕೊಡ್ರಿ. ನಾನ ಹಾಕ್ತೀನಿ.”

ಅಂದು ಭಾನುವಾರ. ಭಾನುವಾರವೂ ತುಳಸಿ ಕೀಳಬಾರದು, ಅದು ನಮ್ಮ ಮನೆಯಲ್ಲಿ ಕಲ್ಲಿಗೂ ಗೊತ್ತು. ಯಜಮಾನರು ಬಾಯಿ ತೆರೆದರು. ನಾನು ಅವರನ್ನು ನೋಡಿದೆ. ಅವರು ಬಾಯಿ ಮುಚ್ಚಿ, ಮೇಲೆ ಹೋಗಿ, ಕತ್ತರಿ ತಂದರು. ಸ್ಪಿರಿಟ್‌ನಲ್ಲಿ ಒರೆಸಿಯೇ ತಂದಿದ್ದರು.

“ಎಲ್ರೀ ಆಂಟಿ?”

“ಗೆಣ್ಣಿನ ಕೆಳಗೆ. ಓರೆಯಾಗಿ. ಹೆದರಬೇಡ.”

ಕತ್ತರಿಸಿದಳು. ಒಂದು, ಮತ್ತೆ ಇನ್ನೊಂದು. ನಾನು ಎರಡು ಗಾಜಿನ ಲೋಟ ತಂದಿಟ್ಟೆ. ಯಜಮಾನರು ಪಕ್ಕದಲ್ಲಿ ಚೊಂಬು ಹಿಡಿದು, ಅಪ್ಪಣೆ ಕೇಳುವ ಹುಡುಗನ ಹಾಗೆ ನನ್ನ ಮುಖ ನೋಡುತ್ತ ನಿಂತಿದ್ದರು.

“ಹಾಕಿ ರೀ” ಎಂದೆ. “ಇದಕ್ಕೆ ಎಷ್ಟು ಬೇಕಾದ್ರೂ ಹಾಕಿ.”